ಓಬಕ್ಕನ ಬಳೆಯ ಪಿನ್ನು

ಚಳ್ಳಕೆರೆಯಲ್ಲಿ ಮೋಟಾರ್ ಸೈಕಲ್ ರಿಪೇರಿ ಅಂಗಡಿ ಇಟ್ಟು ಜೀವಮಾನ ಕಳೆದವನು ನಾನು. ಸ್ಟಾರ್ಟ್ ಆಗದ ಹಳೇ ಗಾಡಿ ಅಂದರೆ ನನಗೆ ದಿನಾ ಊಟ ಮಾಡಿದಷ್ಟೇ ಸಲೀಸು. ಆದರೆ ಮೂರು ವರ್ಷದ ಹಿಂದೆ, ಅಂಗಡಿಯನ್ನು ಮಗನ ಕೈಗೆ ಒಪ್ಪಿಸುವ ವರ್ಷ, ಒಂದು ಗಾಡಿ ನನ್ನನ್ನು ಹೆದರಿಸಿಬಿಟ್ಟಿತು.

ಗಾಡಿ ಬಿ.ಜಿ. ಕೆರೆ ಕಡೆಯ ತಿಪ್ಪೇಸ್ವಾಮಿಯದು. ಅವನ ಅಪ್ಪನ ಕಾಲದ ನೂರು ಸಿಸಿ ಗಾಡಿ, ಕಿಕ್ ಹೊಡೆದೇ ಚಾಲೂ ಮಾಡಬೇಕು. ಊರಿನಿಂದ ಫೋನ್ ಮಾಡಿ, "ಮಾವ, ಒಂದಷ್ಟು ದೂರ ಓಡ್ತೈತೆ, ಆಮೇಲೆ ನಿಂತುಬಿಡ್ತೈತೆ. ಸ್ವಲ್ಪ ಹೊತ್ತು ಬಿಟ್ಟು ಹೊಡೆದ್ರೆ ಮತ್ತೆ ಚಾಲೂ. ಆಯುಧಪೂಜೆ ಆದಾಗಿಂದ ದೆವ್ವ ಹಿಡಿದಂಗೆ ಆಡ್ತೈತೆ" ಅಂದ. ಶೇಂಗಾ ಕಿತ್ತು ಬಣವೆ ಒಟ್ಟುವ ಕಾಲ, ಹೊಲ ಬಿಟ್ಟು ಬರಲು ಅವನಿಗೆ ಪುರುಸೊತ್ತಿಲ್ಲ. "ದೆವ್ವ ಗಿವ್ವ ಏನೂ ಇಲ್ಲ ಕಣಲೇ, ನಾನೇ ಬರ್ತೀನಿ" ಅಂದು ಸ್ಪ್ಯಾನರ್ ಚೀಲ ಹಿಡಿದು ಬಸ್ ಹತ್ತಿದೆ.

ಹೊಲದಲ್ಲಿ ಇನ್ನೂ ಚೀಲ ಬಿಚ್ಚುತ್ತಿದ್ದೆ. ಶೇಂಗಾ ಬಳ್ಳಿಯ ಒಟ್ಟಿನ ಆಚೆಯಿಂದ ತಿಪ್ಪೇಸ್ವಾಮಿಯ ಅವ್ವ ಓಬಕ್ಕ ಚೀರಿದಳು. ಓಡಿಹೋಗಿ ನೋಡಿದರೆ ಪಾದದ ಮೇಲೆ ಹಲ್ಲಿನ ಗುರುತು, ರಕ್ತ ಜಿನುಗುತ್ತಿದೆ. ಒಟ್ಟಿನ ಬುಡದಲ್ಲಿ ಕೊಳಕುಮಂಡಲ ಹಾವು ಬುಸುಗುಡುತ್ತಾ ಸರಿಯುತ್ತಿತ್ತು.

ಆಳುಗಳು ಟ್ರಾಕ್ಟರಿಗೆ ಕಾಯಿ ಹೇರಿಕೊಂಡು ಹೋಗಿಬಿಟ್ಟಿದ್ದರು. ಆ ಹೊಲದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಾವು ಕಚ್ಚಿದವರನ್ನು ನಡೆಸುವ ಹಾಗೂ ಇಲ್ಲ. ಉಳಿದದ್ದು ಅದೇ ಗಾಡಿ. ನಾನು ಓಡಿಸಲು ಕೂತೆ, ನಡುವೆ ಓಬಕ್ಕ, ಹಿಂದೆ ಆಕೆಯನ್ನು ತಬ್ಬಿ ಹಿಡಿದು ಮಗ. ಮೊಳಕಾಲ್ಮುರು ಆಸ್ಪತ್ರೆ ಮುಟ್ಟಿಸಪ್ಪಾ ಶಿವನೇ ಅಂತ ಕಿಕ್ ಹೊಡೆದೆ. ಒಂದೇ ಏಟಿಗೆ ಚಾಲೂ ಆಯಿತು.

ಬಟಾಬಯಲಿನ ನಡುವೆ ನಿಂತಿತು ನೋಡಿ! ಹಿಂದೆ ಊರಿಲ್ಲ, ಮುಂದೆ ಟಾರ್ ರಸ್ತೆ ಇನ್ನೂ ದೂರ. ಗಾಬರಿಯಲ್ಲಿ ಕಿಕ್ ಮೇಲೆ ಕಿಕ್ ಹೊಡೆದೆ. ಊಹೂಂ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿಯೇ ಚಾಲೂ ಆಗುತ್ತೆ ಅಂತ ಗೊತ್ತಿತ್ತು. ಆದರೆ ಹೀಗೆ ನಿಂತು ನಿಂತು ಹೋದರೆ ಅಲ್ಲಿಯವರೆಗೆ ಆಕೆ ಉಳಿಯಬೇಕಲ್ಲ?

"ಮಾವ, ಅವ್ವನ ವಸಡಲ್ಲಿ ರಕ್ತ ಬರ್ತೈತೆ!" ತಿಪ್ಪೇಸ್ವಾಮಿ ಕೂಗಿಕೊಂಡ. ಹೇಳಬಾರದು, ಆಗ ಗಾಡಿ ಬಿಟ್ಟು ಓಡಿಹೋಗಿಬಿಡೋಣ ಅನ್ನಿಸಿತು. ಆದರೂ ಹೆಗಲಿನ ಚೀಲಕ್ಕೆ ಕೈ ಹಾಕಿ ಸ್ಪ್ಯಾನರ್ ತೆಗೆದೆ.

ತೆಗೆಯುವಾಗ ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ಬೈಗುಳ ನೆನಪಾಯಿತು: "ಕಾಲಲ್ಲಿ ಹುಡುಕಬೇಡಲೇ, ತಲೇಲಿ ಹುಡುಕು." ಗಾಡಿಗೆ ಬೇಕಾದದ್ದು ಕಿಡಿ ಮತ್ತು ಪೆಟ್ರೋಲು. ಪ್ಲಗ್ ಬಿಚ್ಚಿ ಇಂಜಿನ್‌ಗೆ ತಾಗಿಸಿ ಕಿಕ್ ಒತ್ತಿದೆ. ನೀಲಿ ಕಿಡಿ ಹಾರಿತು. ಪ್ಲಗ್ ವಾಪಸ್ ಹಾಕಿ, ಟ್ಯಾಂಕಿನಿಂದ ಕಾರ್ಬೊರೇಟರ್‌ಗೆ ಪೆಟ್ರೋಲು ಇಳಿಸುವ ಪೈಪು ಕಿತ್ತೆ. ನಾಲ್ಕು ಹನಿ ಬಿದ್ದು ನಿಂತುಹೋಯಿತು. ಅಲ್ಲಾಡಿಸಿದರೆ ಟ್ಯಾಂಕಿನಲ್ಲಿ ಪೆಟ್ರೋಲು ಗುಳುಗುಳು ಅನ್ನುತ್ತಿದೆ, ಕೆಳಗೆ ಮಾತ್ರ ಇಳಿಯುತ್ತಿಲ್ಲ.

ಎಣ್ಣೆ ಮಿಲ್ಲಿನ ಊರಿನವನು ನಾನು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬರುವುದಿಲ್ಲ, ಗಾಳಿ ಒಳಗೆ ಹೋಗಲು ಎದುರಿಗೆ ಇನ್ನೊಂದು ತೂತು ಬೇಕು. ಗಾಡಿಯ ಟ್ಯಾಂಕಿಗೂ ಅದೇ ನ್ಯಾಯ. ಅದರ ಗಾಳಿಯ ತೂತು ಮುಚ್ಚಳದಲ್ಲಿರುತ್ತದೆ, ಸೂಜಿಮೊನೆಯಷ್ಟು. ಮುಚ್ಚಳ ತಿರುಗಿಸಿದೆ. ಸುಯ್ಯೆಂದು ಗಾಳಿ ಎಳೆದುಕೊಂಡಿತು, ಕೆಳಗಿನ ಪೈಪಿನಿಂದ ಪೆಟ್ರೋಲು ಸುರಿಯತೊಡಗಿತು.

ಮುಚ್ಚಳ ತಿರುವಿ ನೋಡಿದೆ. ಮೇಲೆ ಕುಂಕುಮ, ವಿಭೂತಿ, ಶೇಂಗಾ ಎಣ್ಣೆಯಲ್ಲಿ ಕಲಸಿ ದಪ್ಪಗೆ ಮೆತ್ತಿದ್ದು ಧೂಳು ಹಿಡಿದು ಗಟ್ಟಿಯಾಗಿ ಗಾಳಿಯ ತೂತನ್ನೇ ಮುಚ್ಚಿತ್ತು. ಪೂಜೆ ಮಾಡಿದ್ದನ್ನು ನಮ್ಮ ಕಡೆ ಯಾರೂ ಒರೆಸುವುದಿಲ್ಲ.

"ಅವ್ವ ಹಚ್ಚಿದ್ದು ಮಾವ," ತಿಪ್ಪೇಸ್ವಾಮಿ ಅಂದ. "ಹೋದ ವರ್ಷ ನಾನು ಗಾಡಿಯಿಂದ ಬಿದ್ದಿದ್ನಲ್ಲ, ಅದಕ್ಕೇ."

ಮಾತಾಡಲು ಹೊತ್ತೆಲ್ಲಿತ್ತು? ಓಬಕ್ಕನ ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ಕಿತ್ತುಕೊಂಡು ತೂತು ಚುಚ್ಚಿ ಬಿಡಿಸಿದೆ. ಆಕೆಗೆ ಅರಿವೇ ಇರಲಿಲ್ಲ. ಪೈಪು ಸಿಕ್ಕಿಸಿ ಕಿಕ್ ಹೊಡೆದೆ. ಆಮೇಲೆ ಆಸ್ಪತ್ರೆ ಬಾಗಿಲವರೆಗೂ ಗಾಡಿ ನಿಲ್ಲಲಿಲ್ಲ. ಹಿಂದಿನಿಂದ "ಅವ್ವ, ಮಾತಾಡು, ಅವ್ವ" ಅನ್ನುವುದೊಂದೇ ಕೇಳುತ್ತಿತ್ತು.

ತಡವಾಗದೆ ಇಂಜೆಕ್ಷನ್ ಸಿಕ್ಕಿತು. ಬಹಳ ದಿನ ಮಲಗಿದ್ದಳು, ಬದುಕಿದಳು.

ಆಕೆ ಮನೆಗೆ ಬಂದ ಮೇಲೆ ನೋಡಲು ಹೋದೆ. ಅಂಗಿ ಜೇಬಿನಲ್ಲಿ ಉಳಿದಿದ್ದ ಪಿನ್ನು ವಾಪಸ್ ಕೊಟ್ಟೆ.

"ಇದು ನಿನ್ ಹತ್ರ ಹೆಂಗೆ ಬಂತು ರುದ್ರಪ್ಪ? ಗಾಡಿಗೆ ಏನಾಗಿತ್ತು?"

ತಿಪ್ಪೇಸ್ವಾಮಿ ಬೇಡ ಅನ್ನುವಂತೆ ಕಣ್ಸನ್ನೆ ಮಾಡಿದ. "ಕಸ ಸಿಕ್ಕಿತ್ತು ಕಣಕ್ಕ" ಅಂದೆ.

"ನಾನು ಕುಂಕುಮ ಹಚ್ಚಿದ್ದಕ್ಕೆ ಉಳ್ಕೊಂಡೆ ಬಿಡು. ಬರೋ ವರ್ಷ ಇನ್ನೂ ದಪ್ಪಗೆ ಹಚ್ತೀನಿ."

ಅದೇ ಗಾಡಿ, ಅದೇ ಬಯಲು, ಹಿಂದೆ ಕೂತವರು ಇನ್ಯಾರೋ. ಅದೆಲ್ಲ ಕಣ್ಣ ಮುಂದೆ ಬಂತು. "ಅಕ್ಕ, ಮುಚ್ಚಳ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ಹಚ್ಚು. ಗಾಡಿಯೂ ಉಸಿರಾಡಬೇಕು" ಅಂದೆ. ಓಬಕ್ಕ ನನ್ನನ್ನು ನೋಡಿದಳು, ಮಗನನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ಪಿನ್ನು ನೋಡಿದಳು. ಅದರ ಮೊನೆಯಲ್ಲಿ ಇನ್ನೂ ಕುಂಕುಮದ ಕೆಂಪು ಹತ್ತಿಕೊಂಡಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೇಳಿದ್ದು ತಪ್ಪಾಯಿತೇನೋ ಅಂತ ದಾರಿಯುದ್ದಕ್ಕೂ ಸಂಕಟಪಟ್ಟೆ. ಆದರೆ ನನ್ನ ಕಸುಬು ಕಲಿಸಿದ್ದು ಅಷ್ಟೇ: ಗಾಡಿ ಓಡಿಸಿಕೊಟ್ಟರೆ ಅರ್ಧ ರಿಪೇರಿ. ಯಾಕೆ ನಿಂತಿತ್ತು ಅಂತ ಗಾಡಿಯವರಿಗೆ ತಿಳಿಯುವಂತೆ ಹೇಳಿದರೇ ಪೂರ್ತಿ.

ಮರುವರ್ಷ ಆಯುಧಪೂಜೆಗೆ ಓಬಕ್ಕ ಹೇಳಿಕಳಿಸಿದ್ದಳು, ಹೋದೆ. ಲೈಟಿಗೆ, ಹ್ಯಾಂಡಲ್‌ಗೆ, ಚಕ್ರಕ್ಕೆಲ್ಲ ಕುಂಕುಮ ಇಟ್ಟಿದ್ದಳು. ಮುಚ್ಚಳ ಬೋಳಾಗಿತ್ತು. ಗಾಡಿಯ ಮುಂದೆ ಬಾಳೆ ಎಲೆ, ಅದರ ಮೇಲೆ ಕುಡುಗೋಲು, ಸ್ಪ್ಯಾನರು, ಪಕ್ಕದಲ್ಲಿ ಆ ಪಿನ್ನು. ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚಿ ಹೂವು ಏರಿಸಿದ್ದಳು.