ಬಲಕ್ಕೆ ಹೋಗುವವರು ಎಡಕ್ಕೆ

ಆ ಶುಕ್ರವಾರವೂ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದದ್ದು ನೀರಿನ ಮೋಟಾರು. ಅದರ ಸದ್ದಿಗೆ ನಾನು ಎದ್ದು ಬಾಗಿಲಿಗೆ ನೀರು ಹಾಕಿ, ಸಣ್ಣದೊಂದು ರಂಗೋಲಿ ಬಿಟ್ಟು, ಹಾಲು ಕಾಯಲು ಇಟ್ಟೆ. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು. ಅವರ ಡಬ್ಬಿಗೆ ಚಿತ್ರಾನ್ನ ತುಂಬಿ, ಮುಚ್ಚಳ ಸಡಿಲವಾಗಿದ್ದರಿಂದ ರಬ್ಬರ್ ಬ್ಯಾಂಡ್ ಬಿಗಿದು ಕೊಟ್ಟೆ. ಅರಿಶಿನಕುಂಟೆಯ ನಮ್ಮ ಮನೆಗೆ ಹೆದ್ದಾರಿ ಕಾಣುವುದಿಲ್ಲ, ಕೇಳಿಸುತ್ತದೆ. ಹಾಲು ಉಕ್ಕುವ ಹೊತ್ತಿಗೆ ಲಾರಿಯೊಂದು ಬ್ರೇಕು ಹಾಕಿದರೆ, ಆ ಚುಸ್ಸೆನ್ನುವ ಸದ್ದು ಒಲೆಯದೋ ರಸ್ತೆಯದೋ ಎಂದು ನಾನು ಎಷ್ಟೋ ಸಲ ತಿರುಗಿ ನೋಡಿದ್ದುಂಟು.

ಅತ್ತೆಯೂ ಅಂದು ನನ್ನ ಹಿಂದೆಯೇ ಎದ್ದು ಸ್ನಾನ ಮಾಡಿ, ಹಸಿರು ರೇಷ್ಮೆ ಸೀರೆ ಉಟ್ಟು, ಸೋಫಾದ ಅಂಚಿನಲ್ಲಿ ಬಸ್ಸು ಕಾಯುವವರ ಹಾಗೆ ಕುಳಿತಿದ್ದರು. ಕಾರಣವಿತ್ತು. ದೊಡ್ಡಬಳ್ಳಾಪುರದ ದಾರಿಯಲ್ಲಿ ಸಿಗುವ ಮಧುರೆ ಎಂಬ ಊರಿನಲ್ಲಿರುವ ಅವರ ತಮ್ಮನ ಮಗಳಿಗೆ ಅಂದು ಅರಿಶಿನ ಹಚ್ಚುವ ಶಾಸ್ತ್ರ. ಅವರ ತವರಿನ ಕಡೆ ಮದುಮಗಳ ಕೆನ್ನೆಗೆ ಮೊದಲ ಅರಿಶಿನ ಹಿರಿಯ ಸೋದರತ್ತೆಯದು. ಆಮೇಲೆ ಉಳಿದವರು. ಆ ಹಿರಿಯ ಸೋದರತ್ತೆ ನಮ್ಮ ಅತ್ತೆ. ಹತ್ತೂವರೆಗೆ ರಾಹುಕಾಲ ಹಿಡಿಯುವುದರಿಂದ ಅದಕ್ಕೆ ಮೊದಲೇ ಹಚ್ಚಬೇಕು. ಅತ್ತೆಯ ತಂಗಿ, ನಾವೆಲ್ಲ ಚಿಕ್ಕತ್ತೆ ಅನ್ನುವವರು, ಅದೇ ಊರಿನಲ್ಲಿ ಮೂರು ಮನೆ ಆಚೆಗಿದ್ದಾರೆ. ಹಿಂದಿನ ರಾತ್ರಿ ಅವರು ಫೋನಿನಲ್ಲಿ ಹೇಳಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತ್ತು.

"ಅಕ್ಕಾ, ನೀನು ನಿಧಾನಕ್ಕೆ ಬಾ. ತಡ ಆದ್ರೆ ನಾನು ಶುರು ಹಚ್ಕೊಂಡಿರ್ತೀನಿ, ಯೋಚ್ನೆ ಮಾಡ್ಬೇಡ."

"ಯೋಚ್ನೆ ಮಾಡ್ಬೇಡ ಅಂತೆ!" ಎಂದು ಅತ್ತೆ ಫೋನನ್ನೇ ದುರುಗುಟ್ಟಿ ನೋಡಿದ್ದರು. "ನಮ್ಮಣ್ಣನ ಮಗಳ ಮದುವೇಲೂ ಹಿಂಗೇ ಮಾಡಿದ್ಲು. ನಾನು ಬಸ್ಸಿಳಿಯೋ ಹೊತ್ಗೆ ಹುಡುಗಿ ಹಳದಿ ಆಗೋಗಿದ್ಲು. ಇದೇ ಕೊನೇ ಹುಡುಗಿ ಕಣವ್ವಾ. ಇದು ತಪ್ಪಿದ್ರೆ ಇನ್ನು ನಂಗೆ ಯಾರವ್ರೆ?"

ಮಾವ ಚಪ್ಪರದ ಕೆಲಸಕ್ಕೆಂದು ಹಿಂದಿನ ದಿನವೇ ಹೋಗಿಬಿಟ್ಟಿದ್ದರು. ಹಾಗಾಗಿ ಅತ್ತೆಯನ್ನು ಹೊತ್ತಿಗೆ ಮುಟ್ಟಿಸುವ ಕೆಲಸ ನನ್ನದಾಯಿತು. ನಾನು ಕಾರು ಕಲಿತು ಆಗ ಆರು ತಿಂಗಳು. ನೆಲಮಂಗಲದ ಪೇಟೆಗೆ, ತರಕಾರಿಗೆ, ಬ್ಯಾಂಕಿಗೆ ಓಡಿಸಿದ್ದೆ. ಆದರೆ ಆ ದೊಡ್ಡ ಕೂಡುರಸ್ತೆಯ ಒಳಗೆ ನಾನೇ ಸ್ಟೀರಿಂಗ್ ಹಿಡಿದು ಹೊಕ್ಕಿದ್ದಿಲ್ಲ. ತುಮಕೂರಿಗೊಂದು, ಹಾಸನದ ಕಡೆಗೊಂದು, ದೊಡ್ಡಬಳ್ಳಾಪುರಕ್ಕೊಂದು ದಾರಿ ಅಲ್ಲಿ ಒಂದರ ಮೇಲೊಂದು ಹತ್ತಿ, ಒಂದರ ಕೆಳಗೊಂದು ತೂರಿ ಹೋಗುತ್ತವೆ. ಪಕ್ಕದ ಸೀಟಿನಲ್ಲಿ ಕುಳಿತು ನೋಡುವಾಗ ಅದು ನನಗೆ ಹೆರಳು ಹೆಣೆದ ಹಾಗೆ ಚೆಂದವಾಗಿ ಕಾಣುತ್ತಿತ್ತು. ಹೆರಳನ್ನು ನೋಡುವುದು ಬೇರೆ, ಹೆಣೆಯುವುದು ಬೇರೆ.

ಒಂಬತ್ತೂ ಕಾಲಿಗೆ ಹೊರಟೆವು. ಅತ್ತೆ ಬಲಗಾಲಿಟ್ಟು ಕಾರು ಹತ್ತಿದರು. ಅದಕ್ಕಾಗಿ ಒಂದು ಸಲ ಇಳಿದು ಮತ್ತೆ ಹತ್ತಬೇಕಾಯಿತು. ಮಡಿಲಲ್ಲಿ ತಾವೇ ಅರೆದ ಅರಿಶಿನದ ಬಟ್ಟಲು, ಅದರ ಮೇಲೊಂದು ಬಾಳೆಯೆಲೆಯ ತುಂಡು.

ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಏರಿ ಸ್ವಲ್ಪ ಹೋಗುತ್ತಲೇ ಕಮಾನಿನಂಥ ಕಂಬದ ಮೇಲೆ ಹಸಿರು ಬೋರ್ಡು ಕಂಡಿತು. ಬಿಳಿ ಅಕ್ಷರ. ಮೇಲೆ ಕನ್ನಡ, ಕೆಳಗೆ ಇಂಗ್ಲಿಷು. ತುಮಕೂರಿಗೆ ನೆಟ್ಟಗಿನ ಬಾಣ. ದೊಡ್ಡಬಳ್ಳಾಪುರದ ಬಾಣ ಮಾತ್ರ ಮೊಣಕೈ ಮಡಚಿದ ಹಾಗೆ ಎಡಕ್ಕೆ ಬಾಗಿತ್ತು. ಬೋರ್ಡು ಹೊತ್ತ ಕೊಳವೆಯ ತುದಿಯಲ್ಲಿ ಎರಡು ಗೊರವಂಕ ಹುಲ್ಲು ತುರುಕುತ್ತಿದ್ದವು. ಇಷ್ಟು ಗದ್ದಲದ ಮೇಲೆ ಮನೆ ಕಟ್ಟುವ ಧೈರ್ಯ ನೋಡು ಎಂದುಕೊಂಡೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪರೀಕ್ಷೆಯ ದಿನ ಬೆಂಚಿನಿಂದ ಬೆಂಚಿಗೆ ಹೋಗಿ, "ಪ್ರಶ್ನೆಯನ್ನು ಎರಡು ಸಲ ಓದಿ, ಆಮೇಲೆ ಪೆನ್ನು ಮುಟ್ಟಿ" ಎನ್ನುತ್ತಿದ್ದರು. ನಾನು ಎರಡು ಸಲ ಓದಿದೆ. ಎಡಕ್ಕೇ. ಎಡಗಡೆಯ ಇಂಡಿಕೇಟರನ್ನೂ ಹಾಕಿದೆ.

"ಅದ್ಯಾಕವ್ವಾ ಈ ಕಡೆ ಟಿಕ್ ಟಿಕ್ ಅಂತೈತೆ?" ಅತ್ತೆ ಕೇಳಿದರು.

"ಬೋರ್ಡಲ್ಲಿ ಎಡಕ್ಕೆ ಅಂತಿದೆ ಅತ್ತೆ."

"ದೊಡ್ಡಬಳ್ಳಾಪುರ ಬಲಕ್ಕೆ ಕಣವ್ವಾ! ನಾನು ಹುಟ್ಟಿದಾಗಿಂದ ಬಲಕ್ಕೇ ಐತೆ. ನಮ್ಮಪ್ಪ ಎತ್ತಿನ ಗಾಡೀಲಿ ಸಂತೆಗೆ ಕರ್ಕೊಂಬತ್ತಿದ್ರು, ವಾಪಸ್ ಹೋಗ್ವಾಗ ಬಲಕ್ಕೇ ತಿರುಗ್ಸೋರು. ಬೋರ್ಡು ಬರ್ದೋನಿಗೆ ನಮ್ಮೂರು ಗೊತ್ತಾ?"

ಅವರು ಹೇಳಿದ್ದೂ ಸುಳ್ಳಲ್ಲ. ದೊಡ್ಡಬಳ್ಳಾಪುರ ಇರುವುದು ಬಲಗಡೆಯೇ. ಆದರೆ ಮೇಲುರಸ್ತೆ ಬಂದ ಮೇಲೆ ಬಲಕ್ಕೆ ಹೋಗುವವರು ಮೊದಲು ಎಡಕ್ಕೆ ಇಳಿದು, ಸೇತುವೆಯ ಕೆಳಗೆ ತೂರಿ, ಆಮೇಲೆ ಬಲಕ್ಕೆ ಹೋಗಬೇಕು. ಇದು ನನಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಲು ಎರಡೇ ನಿಮಿಷ ಸಾಕಾಗಿತ್ತು. ಆದರೆ ಹದಿನೆಂಟು ವರ್ಷಗಳಲ್ಲಿ ನಾನು ಅತ್ತೆಗೆ ಇಲ್ಲ ಎಂದದ್ದಿಲ್ಲ. ಹೆದರಿಕೆಯಿಂದಲ್ಲ. ಸಾರಿಗೆ ಉಪ್ಪು ಎಷ್ಟು, ಉಪ್ಪಿನಕಾಯಿಗೆ ಬಿಸಿಲು ಎಷ್ಟು ಎಂಬ ವಿಷಯಗಳಲ್ಲಿ ಅವರು ಎಂದೂ ತಪ್ಪಿರಲಿಲ್ಲ, ನನಗೆ ಹೂಂ ಅನ್ನುವುದು ಅಭ್ಯಾಸವಾಗಿಹೋಗಿತ್ತು. ಅದೂ ಅಲ್ಲದೆ ತವರಿನ ದಾರಿಯನ್ನು ಹೆಣ್ಣುಮಗಳಿಗೆ ಹೇಳಿಕೊಡಲು ನಾನ್ಯಾರು?

ಇಂಡಿಕೇಟರ್ ಆರಿಸಿದೆ. ಎಡಗಡೆ ಇಳಿಯುವ ದಾರಿ, ಅದರ ಬಾಯಲ್ಲಿ ನಿಂತ ಹಳದಿ ಕಪ್ಪು ಪಟ್ಟೆಯ ಪೀಪಾಯಿಗಳು, ಕಂಬಕ್ಕೆ ಅಂಟಿಸಿದ ಟ್ಯೂಷನ್ನಿನ ಚೀಟಿ ಎಲ್ಲವೂ ಅತ್ತೆಯ ಕಿಟಕಿಯ ಪಕ್ಕ ನಿಧಾನವಾಗಿ ಹಿಂದಕ್ಕೆ ಹೋದವು. ಕಾರು ಮೇಲುರಸ್ತೆ ಏರಿತು. ಅತ್ತೆ ಬಲಕ್ಕೆ ತಿರುಗುವ ದಾರಿಗಾಗಿ ಕತ್ತು ಚಾಚಿದರು. ಬಲಕ್ಕೆ ಇದ್ದದ್ದು ಸೊಂಟದೆತ್ತರದ ಕಾಂಕ್ರೀಟು ಗೋಡೆ. ಗೋಡೆ ಮುಗಿಯಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಕೆಳಗೆ, ಬಲಗಡೆ, ಒಂದು ರಸ್ತೆ ಹುಲ್ಲಿನ ಟ್ರ್ಯಾಕ್ಟರೊಂದನ್ನು ಹೊತ್ತುಕೊಂಡು ದೂರಕ್ಕೆ ಹೋಗುವುದು ಕಂಡಿತು.

"ಅದೇ ಅಲ್ವಾ ನಮ್ಮ ರೋಡು?" ಅತ್ತೆ ಮೆಲ್ಲಗೆ ಕೇಳಿದರು.

"ಅದೇ ಅತ್ತೆ."

"ನಾವ್ಯಾಕೆ ಅದ್ರ ಮೇಲಿದ್ದೀವಿ?"

ಮುಂದಿನ ಬೋರ್ಡಿನಲ್ಲಿ ತುಮಕೂರು ಒಂದೇ ಉಳಿದಿತ್ತು.

"ನಿಲ್ಸು, ನಿಲ್ಸು. ಹಿಂದಕ್ಕೆ ತಗೋ. ಅಗೋ ಆ ಟೆಂಪೋದೋನು ತಗೊಂತಾವ್ನೆ."

ನಿಜ, ಕೋಳಿ ಸಾಗಿಸುವ ಟೆಂಪೋ ಒಂದು ಅಂಚಿನಲ್ಲಿ ಹಿಮ್ಮುಖವಾಗಿ ತೆವಳುತ್ತಿತ್ತು. ಕೋಳಿಗಳೂ ಗಾಬರಿಯಲ್ಲಿದ್ದವು.

"ಬೇಡ ಅತ್ತೆ, ಹಿಂದಿಂದ ಲಾರಿ ಬರುತ್ತೆ. ಮುಂದೆ ಇಳಿದು ತಿರುಗಿಸ್ಕೊಂಡು ಬರೋಣ."

ಮುಂದೆ ಇಳಿಯುವ ದಾರಿ ಸಿಗಲು ಎಷ್ಟೋ ಹೊತ್ತು ಹಿಡಿಯಿತು. ಅಥವಾ ಮಡಿಲಲ್ಲಿ ಅರಿಶಿನ ಇಟ್ಟುಕೊಂಡು ಒಬ್ಬರು ಪಕ್ಕದಲ್ಲಿ ಗಡಿಯಾರ ನೋಡುತ್ತಿದ್ದರೆ ಹಾಗನ್ನಿಸುತ್ತದೆ. ಇಳಿದೆವು. ಸೇತುವೆಯ ನೆರಳಲ್ಲಿ ಒಬ್ಬ ಹಿರಿಯರು ಎಳನೀರಿನ ಗೊಂಚಲು ಇಟ್ಟುಕೊಂಡು ಕುಳಿತಿದ್ದರು. ಗಾಜು ಇಳಿಸಿದೆ.

"ದೊಡ್ಡಬಳ್ಳಾಪುರದ ರೋಡಿಗೆ..."

"ಬೋರ್ಡು ನೋಡ್ಲಿಲ್ವೇನಮ್ಮ?"

"ನೋಡಿದ್ವಿ."

"ನೋಡಿದ್ದೋರೇ ಎಲ್ಲಾ ಇಲ್ಲಿಗೆ ಬರೋದು," ಎಂದು ಅವರು ಮಚ್ಚಿನ ತುದಿಯಿಂದ ದಾರಿ ತೋರಿಸಿದರು. "ಈ ಸೇತುವೆ ಕೆಳಗೆ ತೂರಿ, ಬಂದ ದಾರೀಲೇ ವಾಪಸ್ ಹೋಗಿ."

ವಾಪಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಬಾಗಿಲು ತೆರೆದು ಕೆಳಗಿಳಿದುಬಿಟ್ಟರು. ನನಗೆ ಗೊತ್ತಾಯಿತು. ಶುಭಕಾರ್ಯಕ್ಕೆ ಹೊರಟವರು ಹಿಂದಿರುಗಬಾರದು. ಹಿಂದಿರುಗಲೇಬೇಕಾಗಿ ಬಂದರೆ ಒಂದು ಗಳಿಗೆ ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಛತ್ರಿ ಮರೆತು ವಾಪಸು ಬಂದ ಯಜಮಾನರನ್ನೂ ಅವರು ಹಾಗೆ ಹಜಾರದಲ್ಲಿ ಕೂರಿಸಿ ನೀರು ಕುಡಿಸಿದ್ದುಂಟು.

"ಅತ್ತೆ, ಒಂಬತ್ತು ಐವತ್ತು ಆಗಿದೆ."

"ಆಗ್ಲಿ. ಅಪಶಕುನ ಹೊತ್ಕೊಂಡು ಹೋಗಿ ಆ ಮಗೀನ ಕೆನ್ನೆ ಮುಟ್ಲಾ? ಅದಕ್ಕಿಂತ ನಮ್ ತಂಗೀನೇ ಹಚ್ಲಿ."

ಇಷ್ಟು ಆಸೆಪಟ್ಟದ್ದನ್ನು, ಹುಡುಗಿಗೆ ಕೆಟ್ಟದಾದೀತು ಎಂಬ ಒಂದು ಅಳುಕಿಗೆ ಬಿಟ್ಟುಕೊಡಲು ಅವರು ತಯಾರಿದ್ದರು. ನಾನು ಒಂದು ಮಾತು ಆಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಧೂಳನ್ನು ಸೆರಗಿನಿಂದ ಒರೆಸಿ ಅವರನ್ನು ಕೂರಿಸಿದೆ. ರೇಷ್ಮೆ ಸೀರೆ ಉಟ್ಟ ಅತ್ತೆ, ಮಡಿಲಲ್ಲಿ ಬಟ್ಟಲು, ತಲೆಯ ಮೇಲೆ ಧಡಧಡ ಲಾರಿಗಳು. ಎಳನೀರು ಕೊಚ್ಚುವವರಿಗೆ ವಿಷಯ ತಿಳಿದು ನಗು ಬಂತು.

"ದಿನಾ ನಾಕೈದು ಜನ ಹಿಂಗೇ ಕುಂತ್ಕೊಂಡು ಕುಡ್ದು ಹೋಗ್ತಾರಮ್ಮ. ಆ ಬೋರ್ಡಿಂದ ನನ್ ವ್ಯಾಪಾರ."

ಅತ್ತೆ ಎಳನೀರನ್ನು ಪೂರ್ತಿ ಕುಡಿದರು. ಕಾಯಿಯೊಳಗೆ ಗಂಜಿ ಇದ್ದರೆ ತೆಗೆದುಕೊಡಲೇ ಎಂದು ಎಳನೀರಿನವರು ಕೇಳಿದಾಗ, ಹೊತ್ತಾಯಿತೆಂದು ನಾನು ಕೈ ಮುಗಿದೆ.

ಹೊಸದಾಗಿ ಹೊರಟೆವು, ಮತ್ತೆ ಬಲಗಾಲಿಟ್ಟು. ಸೇತುವೆಯ ಕೆಳಗೆ ತೂರಿ ಬೆಂಗಳೂರಿನ ಕಡೆಗೆ ಮುಖ ಮಾಡಿದಾಗ ದೊಡ್ಡಬಳ್ಳಾಪುರ ಈಗ ನಮ್ಮ ಎಡಗಡೆಗೆ ಬಂತು. ಹಸಿರು ಬೋರ್ಡಿನ ಬಾಣವೂ ಎಡಕ್ಕೇ ಇತ್ತು. ಅತ್ತೆ ನಾಲ್ಕನೇ ಕ್ಲಾಸಿನವರೆಗೆ ಓದಿದವರು, ಕೂಡಿಸಿ ಕೂಡಿಸಿ ಓದುತ್ತಾರೆ. "ದೊ... ಡ್ಡ..." ಅನ್ನುವಷ್ಟರಲ್ಲಿ ಬೋರ್ಡು ನೆತ್ತಿಯ ಮೇಲಿತ್ತು.

"ತಡಿ," ಎಂದರು. "ಆಗ ಬಲಕ್ಕಿತ್ತು, ಎಡಕ್ಕೆ ಹೋಗ್ಬೇಕಿತ್ತು. ಈಗ ಎಡಕ್ಕೈತೆ. ಹಂಗಾದ್ರೆ ಬಲಕ್ಕೇ ಹೋಗ್ಬೇಕು ಕಣವ್ವಾ. ಬಲಕ್ಕೆ ತಗೋ."

ಇಳಿಯುವ ದಾರಿಯ ಬಾಯಿ ಹತ್ತಿರವಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯ ದಿನ ಅಷ್ಟು ಜನರ ಮುಂದೆ ಗಂಡನ ಹೆಸರು ಒಗಟಿನಲ್ಲಿ ಹೇಳುವಾಗಲೂ ನನಗೆ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

"ಇಲ್ಲ ಅತ್ತೆ," ಎಂದೆ. "ಎಡಕ್ಕೇ."

"ಏನಂದೆ?"

"ಬೋರ್ಡು ನಾನು ಓದಿದ್ದೀನಿ. ಎರಡು ಸಲ. ಆಗಲೂ ಓದಿದ್ದೆ, ನಿಮಗೆ ಹೇಳ್ಲಿಲ್ಲ. ಈಗ ಹೇಳ್ತಿದ್ದೀನಿ."

ಟಿಕ್ ಟಿಕ್ ಶುರುವಾಯಿತು. ಎಡಕ್ಕೆ ಇಳಿದೆ. ಇಳಿಜಾರಿನ ತಿರುವಿನಲ್ಲಿ ಬಟ್ಟಲು ಜಾರದ ಹಾಗೆ ಅತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ನೋಡಲಿಲ್ಲ. ರಸ್ತೆ ಸಮವಾಗಿ, ರಾಗಿ ಕೊಯ್ದ ಹೊಲ, ಹೂವಿನ ತೋಟ ಕಾಣತೊಡಗಿದ ಮೇಲೆ ಅವರ ಬೆನ್ನು ಸೀಟಿಗೆ ಒರಗಿತು.

"ಮೊದ್ಲೇ ಹೇಳಕ್ಕೇನಾಗಿತ್ತೇ ನಿಂಗೆ?" ಎಂದರು. ಅಷ್ಟೇ.

ಮಧುರೆಯ ಮನೆಯ ಚಪ್ಪರದ ಮುಂದೆ ಕಾರು ನಿಂತಾಗ ಹತ್ತು ಇಪ್ಪತ್ತೆರಡು. ಅತ್ತೆ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟು ಓಡಿದರು. ಅರವತ್ತೆಂಟರ ಹೆಂಗಸು ಹಾಗೆ ಓಡಿದ್ದನ್ನು ನಾನು ಮೊದಲ ಸಲ ನೋಡಿದೆ. ಹಿಂದೆಯೇ ಹೋದೆ. ಹುಡುಗಿ ಮಣೆಯ ಮೇಲೆ ಕುಳಿತಿದ್ದಳು. ಎರಡೂ ಅಂಗೈಗಳಿಂದ ಎರಡೂ ಕೆನ್ನೆಗಳನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು, ಹಲ್ಲು ನೋಯುವವರ ಹಾಗೆ. ಎದುರಿಗೆ ಚಿಕ್ಕತ್ತೆ, ಬೆರಳಲ್ಲಿ ಅರಿಶಿನ.

"ಹತ್ತು ಗಂಟೆಯಿಂದ ಹಿಂಗೇ ಕುಂತವ್ಳೆ," ಎಂದರು ಚಿಕ್ಕತ್ತೆ. "ಕೈ ತೆಗಿ ಅಂದ್ರೆ ತೆಗೀತಿಲ್ಲ. ಬಂದ್ಯಾ ಅಕ್ಕ? ತುಮಕೂರು ಚೆನ್ನಾಗೈತಾ?" ಅತ್ತೆ ಎಳನೀರು ಕುಡಿಯುವಾಗ ಮಾವನಿಗೆ ನಾನು ದಾರಿಯ ವಿಷಯ ಫೋನು ಮಾಡಿ ತಿಳಿಸಿದ್ದೇ ತಪ್ಪಾಗಿತ್ತು.

"ಅತ್ತೇ, ಬೇಗ ಹಚ್ಚಿ, ಕೈ ನೋಯ್ತಿದೆ," ಎಂದು ಹುಡುಗಿ ಕೈ ಇಳಿಸಿದಳು. ಕೆನ್ನೆಯ ಮೇಲೆ ಅವಳದೇ ಬೆರಳಿನ ಗುರುತು ಕೆಂಪಗೆ ಮೂಡಿತ್ತು. ಅದರ ಮೇಲೆ ಅತ್ತೆ ಅರಿಶಿನ ಹಚ್ಚಿದರು. ಹಚ್ಚಿ, ತಂಗಿಯ ಕಡೆ ತಿರುಗಿ, "ಹೂಂ, ಈಗ ನೀನು ಹಚ್ಚು, ಯೋಚ್ನೆ ಮಾಡ್ಬೇಡ," ಎಂದರು. ಚಪ್ಪರವೆಲ್ಲ ನಕ್ಕಿತು. ಚಿಕ್ಕತ್ತೆ ಹುಡುಗಿಯನ್ನು ಬಿಟ್ಟು ಅಕ್ಕನ ಮೂಗಿಗೇ ಹಚ್ಚಿಬಿಟ್ಟರು.

ಊಟದ ಪಂಕ್ತಿಯಲ್ಲಿ ಅತ್ತೆ ಎಲ್ಲರಿಗೂ ಹೇಳಿದ್ದು, "ಬೋರ್ಡೇ ಸರಿಯಿಲ್ಲ ಕಣ್ರವ್ವ" ಎಂದು. ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡೆ. ಆದರೆ ಸಾಯಂಕಾಲ ವಾಪಸು ಬರುವಾಗ ಹಸಿರು ಬೋರ್ಡು ದೂರದಲ್ಲಿ ಕಾಣುತ್ತಲೇ ಅವರೇ ಸೀಟಿನಲ್ಲಿ ನೆಟ್ಟಗೆ ಕುಳಿತು, "ಏನ್ ಬರ್ದೈತೆ, ಓದವ್ವಾ," ಎಂದರು. ಓದಿ ಹೇಳಿದೆ. "ಹಂಗೇ ಹೋಗು," ಎಂದರು.

ಮನೆ ಮುಟ್ಟಿದಾಗ ಎದುರುಮನೆಯಾಕೆ ಗೇಟಿನ ಹತ್ತಿರ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಅತ್ತೆ ಕಾರಿನಿಂದ ಇಳಿದವರೇ ನಿಂತಲ್ಲಿಯೇ ಪೂರ್ತಿ ಕಥೆ ಹೇಳಿದರು. ಬಲ, ಎಡ, ಎಳನೀರು, ಹತ್ತು ಇಪ್ಪತ್ತೆರಡು. ಬೋರ್ಡಿನ ತಪ್ಪು ಈ ಸಲ ಅದರಲ್ಲಿ ಬರಲಿಲ್ಲ. "ಇವ್ಳು ಇಲ್ಲ ಅಂದ್ಳು, ಅದಕ್ಕೇ ಮುಟ್ಟಿದ್ವಿ," ಎಂದು ನನ್ನ ಕಡೆ ಗದ್ದ ತೋರಿಸಿ ಒಳಗೆ ಹೋದರು.

ಎದುರುಮನೆಯಾಕೆ ದಂಟನ್ನು ಲಟಕ್ಕನೆ ಮುರಿದು ನನ್ನನ್ನು ನೋಡಿದರು.

"ಹಂಗಾದ್ರೆ ಭಾನುವಾರ ನನ್ನೂ ದೊಡ್ಡಬಳ್ಳಾಪುರಕ್ಕೆ ಕರ್ಕೊಂಡೋಗಮ್ಮ. ಅಕ್ಕನ ಮೊಮ್ಮಗೀಗೆ ನಾಮಕರಣ. ನಮ್ಮನೆಯವ್ರ ಜೊತೆ ಹೋದ್ರೆ, ನಾವು ಸೇರೋ ಹೊತ್ಗೆ ಮಗು ತಾನೇ ಬಾಗಿಲು ತೆಗ್ದು 'ಬಾ ಅಜ್ಜಿ' ಅನ್ನುತ್ತೆ."