ಒಂಟಿಕೊಪ್ಪಲಿನಲ್ಲಿ ಸಿದ್ದಲಿಂಗಮ್ಮನ ಮಂಡಿನೋವು

ಮೈಸೂರಿನಲ್ಲಿ ಚಿಕ್ಕಬಸವಯ್ಯನವರ ಮುಖ ಕಂಡವರು ಕಡಿಮೆ, ಗಂಟಲು ಕೇಳದವರು ಇಲ್ಲ. ಬನ್ನಿಮಂಟಪದ ಹಿಂದಿನ ಬೀದಿಯಲ್ಲಿ ಅವರ ಮನೆ, ಮನೆಯ ಮುಂದೆ ಆಟೋ, ಆಟೋದ ನೆತ್ತಿಯ ಮೇಲೆ ಹಿಂದಕ್ಕೊಂದು ಮುಂದಕ್ಕೊಂದು ಬಾಯಿ ತೆರೆದುಕೊಂಡ ಎರಡು ಲೌಡ್‌ಸ್ಪೀಕರು. ಸೀರೆಗಳ ರಿಯಾಯಿತಿ ಮಾರಾಟ, ಸರ್ಕಸ್ಸು, ನಲ್ಲಿಯಲ್ಲಿ ನೀರು ಬರದ ದಿನ, ಯಾರದಾದರೂ ಸಾವು, ಹೀಗೆ ಊರಿಗೆ ತಿಳಿಯಬೇಕಾದದ್ದೆಲ್ಲ ಆ ಎರಡು ಬಾಯಿಗಳಿಂದ ಹೊರಬೀಳಬೇಕು.

ಇದು ಮನೆತನದ ಕಸುಬು. ಮುತ್ತಾತ ತಮಟೆ ಹೊಡೆದು ಡಂಗುರ ಸಾರುತ್ತಿದ್ದವರು. ಪ್ಲೇಗು ಬಂದಾಗ ‘ಇಲಿ ಬಿದ್ದವೆ, ಮನೆ ಬುಡ್ರಪ್ಪೋ’ ಎಂದು ಅವರು ಸಾರಿದ ಬೀದಿಯವರೆಲ್ಲ ಪಾತ್ರೆ ಪಡಗ ಹೊತ್ತು ಊರಾಚೆಯ ಗುಡಿಸಲು ಸೇರುತ್ತಿದ್ದರು. ಬರಬರುತ್ತ ಜನ ಒಂದು ತರ್ಕ ಕಂಡುಕೊಂಡರು: ತಮಟೆ ಮೊದಲು ಬರುತ್ತದೆ, ಹೆಣ ಆಮೇಲೆ ಬೀಳುತ್ತದೆ, ಆದ್ದರಿಂದ ರೋಗ ತರುವುದು ತಮಟೆಯೇ. ಕಲ್ಲು ಹಿಡಿದು ಬೀದಿಯ ತುದಿಯಲ್ಲೇ ಮುತ್ತಾತನನ್ನು ತಡೆದರು. ಮೊದಲನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರದಲ್ಲಿ ತಾತ ಖಾಲಿ ಓಣಿಗಳಲ್ಲೂ ನಿಂತು ಸಾರಿದರಂತೆ. ಯಾರಿಗೆ ಅಂತ ಕೇಳಿದರೆ, ‘ಕೇಳೋರು ಇರ್ಲಿ ಬುಡ್ಲಿ, ಸಾರೋದು ನಮ್ ಕೆಲ್ಸ’ ಎನ್ನುತ್ತಿದ್ದರಂತೆ. ಅಪ್ಪನ ಪಾಲಿಗೆ ಸಿಡುಬು ಬಂತು. ‘ದೇವಿ ಹಾಕೋರು ಬಂದವ್ರೆ’ ಎಂದು ಅಪ್ಪ ಕೂಗಿದ್ದೇ ತಡ, ಚುಚ್ಚುಮದ್ದಿಗೆ ಹೆದರಿ ಮಕ್ಕಳೆಲ್ಲ ಅಟ್ಟ ಹತ್ತುತ್ತಿದ್ದವು. ಅರಸರು ಹೋಗಿ ಕಾರ್ಪೊರೇಷನ್ ಬಂತು, ತಮಟೆ ಹೋಗಿ ಮೈಕು ಬಂತು. ಒಕ್ಕಣೆ ಮಾತ್ರ ಅದೇ ಉಳಿಯಿತು: ದೂರ ಇರಿ.

ಕೊರೊನಾ ಚಿಕ್ಕಬಸವಯ್ಯನವರ ಸರದಿ. ‘ಸಾರ್ವಜನಿಕರಲ್ಲಿ ವಿನಂತಿ. ಮನೆಯಲ್ಲೇ ಇರಿ. ಗುಂಪು ಸೇರಬೇಡಿ’ ಎಂದು ಅವರು ಒಂದೇ ಒಂದು ಸಲ ಹೇಳಿ ರೆಕಾರ್ಡ್ ಮಾಡಿಸಿದ್ದು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಅಂಟುತ್ತ ಹೋಗಿ, ಎಲ್ಲೆಲ್ಲಿಯ ಕಸದ ಗಾಡಿಗಳೂ ಅವರ ಗಂಟಲಲ್ಲೇ ಮಾತಾಡತೊಡಗಿದವು. ಜಯಲಕ್ಷ್ಮಿಪುರಂ ಕಡೆಯ ನಮ್ಮಂಥ ಓದಿಕೊಂಡವರು ಆ ದನಿ ಕೇಳಿದೊಡನೆ ಕಿಟಕಿ ಮುಚ್ಚಿ, ಮನೆಯೊಳಗೇ ಮಾಸ್ಕು ಮೂಗಿಗೆ ಏರಿಸಿಕೊಳ್ಳುತ್ತಿದ್ದೆವು. ಮುತ್ತಾತನ ಕಾಲದವರಿಗಿಂತ ನಾವು ಮುಂದುವರಿದವರು. ಕಲ್ಲು ಹಿಡಿಯಲಿಲ್ಲ, ಅಷ್ಟೆ.

ಅವರ ಹೆಂಡತಿ ಸಿದ್ದಲಿಂಗಮ್ಮ ಒಂಟಿಕೊಪ್ಪಲಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಸೊಪ್ಪು ಮಾರುತ್ತಿದ್ದರು. ಈ ಕ್ರಾಸಿನಲ್ಲಿ ‘ಸೊಪ್ಪೋ’ ಎಂದರೆ ಆ ಕ್ರಾಸಿನವರು ಗೇಟಿಗೆ ಬರುತ್ತಿದ್ದರು. “ನಿಮ್ ಗಂಟ್ಲಿಗೆ ಬ್ಯಾಟ್ರಿ ಬೇಕು ಕಣ್ರೀ. ನನ್ದು ದಂಟಿನ್ ಸೊಪ್ಪು ತಿಂದು ಬೆಳ್ದಿರೋ ಗಂಟ್ಲು” ಎಂದು ಗಂಡನನ್ನು ಹಂಗಿಸುತ್ತಿದ್ದರು.

ಎರಡನೇ ಅಲೆಯಲ್ಲಿ ಆಸ್ಪತ್ರೆಗೆ ಹೋದ ಸಿದ್ದಲಿಂಗಮ್ಮ ಮನೆಗೆ ಬರಲಿಲ್ಲ. ಗಂಡ ಮತ್ತು ಮಗಳು ಸಂಘಮಿತ್ರ ಇಬ್ಬರೇ ದೂರ ನಿಂತು ಅಂತ್ಯಕ್ರಿಯೆ ನೋಡಿದರು. ಅವರ ಬೀದಿಯಲ್ಲಿ ಯಾರು ತೀರಿಕೊಂಡರೂ ಮೈಕಿನಲ್ಲಿ ಹೇಳುವುದು ವಾಡಿಕೆ, ಹೇಳಿದ ಮೇಲೆ ಜನ ಬಂದು ಜಗಲಿ ತುಂಬುವುದು ವಾಡಿಕೆ. ಅವತ್ತು ಹೇಳುವಂತಿರಲಿಲ್ಲ, ಬರುವಂತೆಯೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಕಸದ ಗಾಡಿ ಬಾಗಿಲಿಗೆ ಬಂದು, ‘ಗುಂಪು ಸೇರಬೇಡಿ’ ಎಂದು ಚಿಕ್ಕಬಸವಯ್ಯನವರ ದನಿಯಲ್ಲೇ ಚಿಕ್ಕಬಸವಯ್ಯನವರಿಗೆ ಬುದ್ಧಿ ಹೇಳಿತು. ಅವರು ಕಸ ಕೊಟ್ಟು ಒಳಗೆ ಬಂದರು. ಅಳು ಬರಲಿಲ್ಲ. ನಾಳೆ ಬಂದೀತು ಅಂದುಕೊಂಡರು. ನಾಳೆಯೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಮರಗಟ್ಟಿಸಲು ಇಂಜೆಕ್ಷನ್ ಕೊಡುತ್ತಾರಲ್ಲ, ಅಂಥದ್ದನ್ನು ಮೈಗೆಲ್ಲ ಕೊಟ್ಟು, ಕೊಟ್ಟವರು ಊಟಕ್ಕೆ ಹೋದವರು ವಾಪಸು ಬರಲೇ ಇಲ್ಲವೆನ್ನುವ ಹಾಗೆ ಇದ್ದುಬಿಟ್ಟರು.

ರೋಗ ಇಳಿದು ಸೀರೆಗಳ ರಿಯಾಯಿತಿ ಮತ್ತೆ ಶುರುವಾಯಿತು. ಒಂಟಿಕೊಪ್ಪಲಿನಲ್ಲಿ ಆಟೋ ತಿರುಗುತ್ತಿದ್ದಾಗ ಪುಟ್ಟತಾಯಮ್ಮನವರು ಗೇಟಿನಿಂದ ಕೈ ಅಡ್ಡ ಹಿಡಿದರು. ಅವರು ರಿಟೈರಾದ ಹೆಡ್‌ಮಿಸ್ಟ್ರೆಸ್ಸು, ಅಲ್ಲಿನ ಮಹಿಳಾ ಸಮಾಜದ ಅಧ್ಯಕ್ಷೆ.

“ನಿಲ್ಸಿ ನಿಲ್ಸಿ! ಏನ್ರೀ ಚಿಕ್ಕಬಸವಯ್ಯ, ಎಲ್ಲಿ ನಮ್ಮ ಸಿದ್ದಲಿಂಗಮ್ಮ? ಪತ್ತೇನೇ ಇಲ್ಲ. ಈಗ ಬರೋನ ಸೊಪ್ಪೆಲ್ಲ ಬರೀ ಕಡ್ಡಿ!”

ಹೇಳಬೇಕೆಂದೇ ಚಿಕ್ಕಬಸವಯ್ಯನವರು ಬಾಯಿ ತೆರೆದರು. ಹೊರಬಂದದ್ದು ಬೇರೆ.

“ಮಂಡಿ ನೋವು ಕಣಮ್ಮ. ನಡೆಯಕ್ಕಾಗಕಿಲ್ಲ.”

ಪೂರ್ತಿ ಸುಳ್ಳೂ ಅಲ್ಲ. ಸಿದ್ದಲಿಂಗಮ್ಮನಿಗೆ ಮಂಡಿ ನೋವು ಇತ್ತು. ಆದರೆ ಮಂಡಿ ನೋವು ಎಂದು ಒಬ್ಬರ ಮುಂದೆ ಹೇಳಿದರೆ ಈ ಊರಿನಲ್ಲಿ ಎಣ್ಣೆ ಹತ್ತು ಮನೆಯಿಂದ ಬರುತ್ತದೆ. ಪುಟ್ಟತಾಯಮ್ಮನವರು ಯಾವುದೋ ತೈಲ ಕೊಟ್ಟರು. ಎದುರು ಮನೆಯವರು ಎಕ್ಕದ ಎಲೆ ಬಿಸಿ ಮಾಡಿ ಕಟ್ಟಲು ಹೇಳಿ, ಎಲೆಯನ್ನೂ ಕಿತ್ತುಕೊಟ್ಟರು. ಮತ್ತೊಬ್ಬರು ತಾವು ಹಾಕಿ ಬಿಟ್ಟ ಮಂಡಿಪಟ್ಟಿ ಕೊಟ್ಟರು. ಚಿಕ್ಕಬಸವಯ್ಯನವರು ಎಲ್ಲವನ್ನೂ ತೆಗೆದುಕೊಂಡರು. ಮುಂದಿನ ಸಲ ಬಂದಾಗ “ಒಸಿ ವಾಸಿ” ಎಂದರು. ಅದರ ಮುಂದಿನ ಸಲ, “ಶೀತಕ್ಕೆ ಮತ್ತೆ ಹಿಡ್ಕಂಡದೆ” ಎಂದರು. ಮಂಡಿ ಪೂರ್ತಿ ವಾಸಿಯಾದರೆ ಸಿದ್ದಲಿಂಗಮ್ಮ ಬುಟ್ಟಿ ಹೊತ್ತು ಬರಬೇಕಾಗುತ್ತದೆ, ಪೂರ್ತಿ ಕೆಟ್ಟರೆ ಇವರೆಲ್ಲ ನೋಡಲು ಹೊರಡುತ್ತಾರೆ. ನೋವನ್ನು ಒಂದು ಹದದಲ್ಲಿ ಇಟ್ಟಿರಬೇಕು. ಅಷ್ಟು ನಾಜೂಕಿನ ಕೆಲಸ ಯಾವ ಡಾಕ್ಟರಿಗೂ ಬಿದ್ದಿರಲಿಕ್ಕಿಲ್ಲ.

ಮಂಚದ ಕೆಳಗೆ ಸೀಸೆಗಳು ಕಂಡಾಗ ಸಂಘಮಿತ್ರ ಕೇಳಿದಳು.

“ಯಾರಿಗಪ್ಪ ಮಂಡಿ ನೋವು?”

“ನಿಮ್ಮವ್ವನ್ಗೆ.”

ಅವಳು ಒಂದೊಂದೇ ಸೀಸೆ ತೆಗೆದು ನೆಲದ ಮೇಲಿಟ್ಟಳು. ವಿಷಯ ಪೂರ್ತಿ ಕೇಳಿಸಿಕೊಂಡು, “ಅವರಿಗೆ ಹೇಳ್ಬುಡಪ್ಪ” ಎಂದಳು.

“ಇಡೀ ಮೈಸೂರಲ್ಲಿ ಅದೊಂದ್ ಕಡೆ ನಿಮ್ಮವ್ವ ಇನ್ನೂ ಅವ್ಳೆ ಕಣಮ್ಮ. ಇರ್ಲಿ ಬುಡು.”

“ಇದ್ದು ಏನ್ ಸುಖ? ಅಲ್ಲೂ ನೋವಲ್ಲೇ ಇಟ್ಟಿದೀಯಲ್ಲಪ್ಪ.”

ಮಗಳ ಮಾತು ಕಿವಿಯವರೆಗೆ ಬಂತು, ಅಲ್ಲಿಂದ ಒಳಕ್ಕೆ ಹೋಗುವ ದಾರಿ ಮುಚ್ಚಿತ್ತು. ಅವರು ಮೈಕಿನ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗಿದರು.

ಈ ಏರ್ಪಾಡು ಹೀಗೇ ಎಷ್ಟು ದಿನ ನಡೆಯುತ್ತಿತ್ತೋ. ಕೆಡಿಸಿದ್ದು ಪುಟ್ಟತಾಯಮ್ಮನವರ ಒಳ್ಳೆಯತನ. ಎಷ್ಟು ಎಣ್ಣೆ ತಿಕ್ಕಿದರೂ ಬಗ್ಗದ ಮಂಡಿಯ ಯೋಚನೆ ಹತ್ತಿ, ಸಮಾಜದ ವತಿಯಿಂದ ಉಚಿತ ಮಂಡಿನೋವು ತಪಾಸಣಾ ಶಿಬಿರವನ್ನೇ ಇಟ್ಟುಕೊಂಡರು. ಸಾರಲು ಚಿಕ್ಕಬಸವಯ್ಯನವರನ್ನೇ ಕರೆಸಿದರು.

“ನಾಳೆ ಮೊದಲ್ನೇ ಕುರ್ಚಿ ಸಿದ್ದಲಿಂಗಮ್ಮಂಗೆ. ಆಟೋದಲ್ಲಿ ಕೂರಿಸ್ಕೊಂಡು ಬನ್ನಿ.”

“ಅವಳು ಬರಕಿಲ್ಲ ಕಣಮ್ಮ.”

“ಬರ್ದೆ ಹೋದ್ರೆ ಡಾಕ್ಟ್ರನ್ನೇ ನಿಮ್ಮನೆಗೆ ಕರ್ಕೊಂಡು ಬರ್ತೀನಿ. ನನ್ನ ಹಟ ನಿಮಗೆ ಗೊತ್ತಿಲ್ಲ.”

ಚಿಕ್ಕಬಸವಯ್ಯನವರು ತಲೆಯಾಡಿಸಿ ಆಟೋ ಹತ್ತಿದರು. ಸಂಜೆ ಬೀದಿ ಬೀದಿ ತಿರುಗಿ, ಮಂಡಿ ನೋವು, ಸೊಂಟ ನೋವು, ಸಂಧಿವಾತ ಇರುವವರೆಲ್ಲ ಬಂದು ಪ್ರಯೋಜನ ಪಡೆಯಬೇಕೆಂದು ವಿನಂತಿಸಿಕೊಂಡರು. ತಿರುಗಿ ತಿರುಗಿ ಮತ್ತೆ ಪುಟ್ಟತಾಯಮ್ಮನವರ ಮನೆಯ ಮುಂದೆ ಬಂದಾಗ, ಆಕೆ ಗೇಟಿನಲ್ಲಿ ನಿಂತು ಮೆಚ್ಚುಗೆಯಿಂದ ಕೇಳುತ್ತಿದ್ದರು. ಆಟೋ ನಿಂತಿತು. ಹೇಳಿಬಿಡಬೇಕೆಂದು ಅವರು ಆಗ ಗಟ್ಟಿ ಮನಸ್ಸು ಮಾಡಿದರೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಆಗಲಿಲ್ಲ. ಕೈಯಲ್ಲಿ ಮೈಕಿತ್ತು, ಗಂಟಲಿಗೆ ಅಭ್ಯಾಸವಿತ್ತು. ನೀರು ಬರದ ದಿನ ಹೇಳುವ ಅದೇ ದನಿಯಲ್ಲಿ ಹೇಳಿದರು:

“ಬನ್ನಿಮಂಟಪದ ವಾಸಿ, ಸೊಪ್ಪಿನ ವ್ಯಾಪಾರಿ ಶ್ರೀಮತಿ ಸಿದ್ದಲಿಂಗಮ್ಮನವರು ನಿಧನರಾದರೆಂದು ತಿಳಿಸಲು ವಿಷಾದಿಸುತ್ತೇವೆ. ಮೃತರ ಅಂತ್ಯಕ್ರಿಯೆಯು...”

ಇಲ್ಲಿ ಸ್ಥಳ ಹೇಳಬೇಕು, ವೇಳೆ ಹೇಳಬೇಕು. ಅವರು “ಆಗಿದೆ” ಎಂದರು.

ಪುಟ್ಟತಾಯಮ್ಮನವರು ಚಪ್ಪಲಿ ಮೆಟ್ಟದೆ ರಸ್ತೆಗಿಳಿದು ಬಂದು ಆಟೋದ ಕಂಬಿ ಹಿಡಿದರು.

“ಏನ್ರೀ ಇದು? ಯಾವಾಗ? ಇವತ್ತಾ?”

“ಇಲ್ಲ ಕಣಮ್ಮ. ಕೊರೊನಾದಲ್ಲೇ.”

“ಮತ್ತೆ ಮೊನ್ನೆ ಕೊಟ್ಟೆನಲ್ಲ, ಎಣ್ಣೆ?”

“ಮನೇಲದೆ. ಮುಚ್ಚಳ ತೆಗ್ದಿಲ್ಲ.”

“ಮಂಡಿ ನೋವು?”

“ಮಂಡಿ ನೋವು ನಿಜ್ವಾಗ್ಲೂ ಇತ್ತು ಕಣಮ್ಮ.”

“ಊರಿಗೆಲ್ಲ ಕೂಗಿ ಹೇಳ್ತೀರಿ, ಇದೊಂದು ಹೇಳೋಕೆ ಬಾಯಿ ಬರ್ಲಿಲ್ವೇನ್ರೀ ನಿಮಗೆ? ನಾನು ದಡ್ಡಿ ಹಾಗೆ, ಮೊದಲ್ನೇ ಕುರ್ಚಿ, ಮೊದಲ್ನೇ ಕುರ್ಚಿ ಅಂತ...” ಗದರಿಕೆ ಅರ್ಧಕ್ಕೇ ನಿಂತು ಅಳುವಾಯಿತು. ಆಕೆ ಕಂಬಿಗೆ ಹಣೆಯೊತ್ತಿ ಬಿಕ್ಕಿ ಬಿಕ್ಕಿ ಅತ್ತರು.

ಮೈಕು ಆಫ್ ಆಗಿರಲಿಲ್ಲ. ಆ ಅಳು ಆಟೋದ ನೆತ್ತಿಯ ಎರಡೂ ಬಾಯಿಗಳಿಂದ ಹೊರಟು ಈ ಕ್ರಾಸು ಆ ಕ್ರಾಸಿಗೆಲ್ಲ ಕೇಳಿಸಿತು. ಒಂದೊಂದೇ ಗೇಟು ತೆರೆಯಿತು. ಎಕ್ಕದ ಎಲೆ ಕೊಟ್ಟವರು ಬಂದರು, ಮಂಡಿಪಟ್ಟಿ ಕೊಟ್ಟವರು ಬಂದರು, ಸೊಪ್ಪು ಕೊಂಡವರು, ಚೌಕಾಸಿ ಮಾಡಿ ಕೊಳ್ಳದೆ ಬಿಟ್ಟವರು, ಎಲ್ಲ ಬಂದು ಆಟೋದ ಸುತ್ತ ಒತ್ತೊತ್ತಾಗಿ ನಿಂತರು. ಯಾರೋ ಚಿಕ್ಕಬಸವಯ್ಯನವರ ಭುಜದ ಮೇಲೆ ಕೈಯಿಟ್ಟರು. ಕೈ ಇದೆ ಎಂದು ಅವರಿಗೆ ಗೊತ್ತಾಯಿತು, ಅಷ್ಟೆ. ಪಕ್ಕದ ಬೀದಿಯ ಯಾರದೋ ಸಾವಿಗೆ ಬಂದು ಕೂತವರ ಹಾಗೆ ಸೀಟಿನಲ್ಲೇ ಕೂತಿದ್ದರು. ಸ್ವಿಚ್ಚು ಹೆಬ್ಬೆರಳಿನ ಕೆಳಗೇ ಇತ್ತು. ಅವರು ಒತ್ತಲಿಲ್ಲ. ಮೈಕನ್ನು ಪುಟ್ಟತಾಯಮ್ಮನವರ ಬಾಯಿಗೆ ಇನ್ನೊಂದಿಷ್ಟು ಹತ್ತಿರ ಹಿಡಿದರು.