ಮಾರ್ಕನ ಕೋಳಿಯ ಮೊದಲ ಕೂಗು

ಮೂವತ್ತೊಂದು ವರ್ಷದಿಂದ ಒಂದೇ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿರುವ ನನ್ನ ದೊಡ್ಡಮ್ಮನಿಗೆ ಅಲ್ಲಿನವರು ಇಟ್ಟ ಹೆಸರು ‘ಕೆಂಪು ಪೆನ್ನು’. ಕಿಟಕಿ ಪಕ್ಕದ ಮೇಜು, ದಪ್ಪ ಕನ್ನಡಕ, ಸಾಲಿನಡಿ ಸರಿಸಲು ಒಂದು ಮರದ ಪಟ್ಟಿ, ಇಷ್ಟೇ ಅವಳ ಸಾಮ್ರಾಜ್ಯ. ನನಗೆ ಅಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಆ ಒಂದು ತಪ್ಪನ್ನು ಮಾತ್ರ ಅವಳಿನ್ನೂ ತಿದ್ದಿಲ್ಲ.

ನಾನು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಅವಳು ಕರಡಿನ ಹಾಳೆಯೊಂದಿಗೆ ಹೋಲಿಸಿ ನೋಡುತ್ತಾಳೆ. ತಿದ್ದಿದ್ದನ್ನು ಆಮೇಲೆ ಕಂಪ್ಯೂಟರಿಗೆ ಹಾಕುವವನೂ ನಾನೇ. ಅವಳ ನಿಯಮ ಒಂದೇ: “ಇರೋದನ್ನ ಓದು. ಇರಬೇಕಾಗಿತ್ತು ಅನ್ಸಿದ್ದನ್ನ ಓದಬೇಡ.”

ಈ ವರ್ಷ ಚರ್ಚಿನವರು ಯೇಸುವಿನ ಕೊನೆಯ ದಿನಗಳ ಕಥೆಯನ್ನು ನಾಲ್ವರು ಬರೆದ ನಾಲ್ಕೂ ಸುವಾರ್ತೆಗಳಿಂದ ಆಯ್ದು ಪುಸ್ತಕ ಮಾಡಲು ಕೊಟ್ಟರು. ಅದೇ ವಾರ ಯಜಮಾನರು ದೊಡ್ಡಮ್ಮನ ಮೇಜಿನ ಮುಂದೆ ನಿಂತು, “ಇನ್ನೊಂದು ದೂರು ಬಂದ್ರೆ ನೀವು ಮನೇಲಿ ಆರಾಮಾಗಿ ಇದ್ಬಿಡಿ ಅಮ್ಮಾ. ಕಣ್ಣಿಗೂ ವಯಸ್ಸಾಯ್ತು,” ಎಂದರು. ಅವಳು ತಲೆಯಾಡಿಸಿ ಕೆಲಸ ಮುಂದುವರಿಸಿದಳು. ದೂರು ಬರಬಹುದಾದ ಜಾಗ ಹುಡುಕುತ್ತ ಪುಟ ತಿರುವತೊಡಗಿದ್ದು ನಾನು.

ಆಗಲೇ ಕಣ್ಣಿಗೆ ಬಿತ್ತು, ಶಿಷ್ಯ ಪೇತ್ರ ತನ್ನ ಗುರು ಯೇಸುವನ್ನೇ ಗೊತ್ತಿಲ್ಲವೆನ್ನುವ ಭಾಗ. ಕೋಳಿ ಕೂಗುವುದರೊಳಗೆ ಅವನು ಮೂರು ಸಲ ಹಾಗೆನ್ನುತ್ತಾನೆಂದು ಮೂವರು ಬರೆದಿದ್ದಾರೆ. ಮಾರ್ಕನೊಬ್ಬ ಮಾತ್ರ, ಕೋಳಿ ಎರಡು ಸಲ ಕೂಗುವುದರೊಳಗೆ ಎನ್ನುತ್ತಾನೆ. ಇದಕ್ಕೆ ದೂರು ಬರದೆ ಇರುತ್ತದೆಯೇ? ಎರಡು ಸಾವಿರ ವರ್ಷ ಯಾರಿಗೂ ಹೊಳೆಯದ ಪರಿಹಾರ ನನಗೆ ಹೊಳೆಯಿತು. ದೊಡ್ಡಮ್ಮ ಕೊನೆಯ ಕರಡಿಗೆ ಸಹಿ ಹಾಕಿದ ಮೇಲೆ, ಅವಳ ಕೆಲಸ ಉಳಿಸುವ ಶೂರನ ಗತ್ತಿನಲ್ಲಿ, ಮಾರ್ಕನ ಭಾಗದಿಂದ ಒಂದು ಕೂಗನ್ನು ಸದ್ದಿಲ್ಲದೆ ಅಳಿಸಿದೆ.

ಆರು ನೂರು ಪ್ರತಿ ಸಿದ್ಧವಾದವು. ಒಯ್ಯಲು ಬಂದ ಪಾದ್ರಿಗಳು ನಿಂತಲ್ಲೇ ಪುಟ ತಿರುವಿ, “ಇದೇನಿದು, ಮಾರ್ಕನ ಕೋಳಿ ಒಂದು ಸಲ ಕೂಗೋದನ್ನೇ ಮರೆತಿದೆ?” ಎಂದರು.

ಯಜಮಾನರು ನನ್ನನ್ನು ಕೇಳಿದರು, “ನೀನೇನಾದ್ರೂ ಮುಟ್ಟಿದ್ಯೇನೋ?”

“ಇಲ್ಲ ಸಾರ್. ಕಂಪ್ಯೂಟರ್ ಒಂದೊಂದ್ಸಲ…”

ದೊಡ್ಡಮ್ಮ ಪುಟ ನೋಡಿದಳು. ಅವಳಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. “ಸಹಿ ನನ್ನದು ಸಾರ್,” ಎಂದಷ್ಟೇ ಹೇಳಿದಳು.

“ಹೋಗ್ಲಿ ಬಿಡಿ,” ಎಂದರು ಪಾದ್ರಿಗಳು. “ಮಿಕ್ಕ ಮೂವರೂ ಒಂದೇ ಅಂದಿದ್ದಾರಲ್ಲ. ಯಾರು ಗಮನಿಸ್ತಾರೆ?”

ದೊಡ್ಡಮ್ಮ ಬಿಡಲಿಲ್ಲ. “ಹಾಗಲ್ಲ ಫಾದರ್. ಮೊದಲ್ನೇ ಕೂಗು ಕೇಳಿಸಿದ ಮೇಲೂ ಪೇತ್ರ ಇನ್ನೆರಡು ಸಲ ಸುಳ್ಳು ಹೇಳ್ದ. ಅದು ಬೇರೆಯವರಿಗೆ ಹೇಗೆ ನೆನಪಿರತ್ತೆ? ಕೇಳಿಸಿಯೂ ಕೇಳಿಸದ ಹಾಗಿದ್ದವನಿಗೆ ಮಾತ್ರ ನೆನಪಿರತ್ತೆ. ಪೇತ್ರನೇ ಮಾರ್ಕನ ಹತ್ರ ಹೇಳ್ಕೊಂಡಿರ್ಬೇಕು ಅಂತ ನನಗನ್ಸತ್ತೆ.”

“ಹಾಗಾದ್ರೆ ಮಿಕ್ಕವರು ಬರೆದಿದ್ದು ತಪ್ಪಾ?” ಯಜಮಾನರು ಕೇಳಿದರು.

“ನನಗೆ ಗೊತ್ತಿಲ್ಲ ಸಾರ್. ಗೊತ್ತಿಲ್ಲದ್ದನ್ನ ಸರಿಮಾಡೋಕೆ ನಾನ್ಯಾರು? ಬೇರೆ ಬೇರೆ ಹೇಳಿದ್ರೆ ಬೇರೆ ಬೇರೆಯಾಗೇ ಅಚ್ಚಾಗ್ಬೇಕು.”

ಅವಳು ನನ್ನತ್ತ ನೋಡಲಿಲ್ಲ. ನೋಡಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ.

“ನಾನೇ ಅಳಿಸಿದ್ದು ಸಾರ್. ದೊಡ್ಡಮ್ಮನ ಕೆಲಸ ಹೋಗಬಾರದು ಅಂತ.”

“ಸಾಕಪ್ಪಾ ನಿನ್ನ ಉಪಕಾರ!” ಯಜಮಾನರು ಕೈಮುಗಿದರು. ಪಾದ್ರಿಗಳು ನಗು ತಡೆಯಲು ಕೆಮ್ಮಿದರು. ಯಜಮಾನರು ಮುಂದುವರಿಸಿದರು, “ಒಂದೊಂದು ಪ್ರತಿಯಲ್ಲೂ ಕೈಯಿಂದ ಬರೆದು ಸರಿಮಾಡು. ಅಮ್ಮಾ, ನೀವು ಎಲ್ಲೂ ಹೋಗೋ ಹಾಗಿಲ್ಲ. ಇವನನ್ನ ಕಾಯೋಕಾದ್ರೂ ಒಬ್ರು ಬೇಕು.”

ಅವಳು ಪುಸ್ತಕ ಬಿಡಿಸಿ ಕೊಡುತ್ತ ಹೋದಳು, ನಾನು ಅಂಚಿನಲ್ಲಿ ಬರೆಯುತ್ತ ಹೋದೆ. ನಲವತ್ತು ಮುಗಿಯುವಷ್ಟರಲ್ಲಿ ಬೆರಳು ಜೋಮು ಹಿಡಿಯಿತು.

“ದೊಡ್ಡಮ್ಮಾ, ನನ್ ಮೇಲೆ ಸಿಟ್ಟಿಲ್ವಾ?”

“ಇದೆ. ಬರಿ.”